ಎಲ್ಲಾ ಇಬ್ಬರ ಹೆಸರಲ್ಲೇ ಇದೆಯಲ್ಲ, ಎಲ್‌ಪಿಎ ಯಾಕೆ ಬೇಕು?

"ಮನೆ ಇಬ್ಬರ ಹೆಸರಲ್ಲಿದೆ, ಬ್ಯಾಂಕಿನಲ್ಲಿ ಜಾಯಿಂಟ್ ಖಾತೆ ಇದೆ, ವಿಲ್ ಕೂಡ ಬರೆಸಿಟ್ಟಿದ್ದೇವೆ. ಇನ್ನು ಈ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ (ಎಲ್‌ಪಿಎ) ಯಾಕೆ? ಅಂಥ ಕಾಲ ಬಂದಾಗ ನೋಡಿಕೊಂಡರಾಗದೆ?"

ಇಂಗ್ಲೆಂಡಿನಲ್ಲಿ ನೆಲೆಸಿ ಇಪ್ಪತ್ತು ಮೂವತ್ತು ವರ್ಷ ಕಳೆದ ಕನ್ನಡದ ಮನೆಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಉತ್ತರ ಚಿಕ್ಕದು. ಅಂಥ ಕಾಲ ಬಂದ ಮೇಲೆ ಇದನ್ನು ಮಾಡಲು ಬರುವುದಿಲ್ಲ. ಎಲ್‌ಪಿಎ ಅಂದರೆ, ಮುಂದೆ ನನ್ನ ತಿಳಿವಳಿಕೆ ಕೈಕೊಟ್ಟರೆ ನನ್ನ ಪರವಾಗಿ ಇಂಥವರು ನಿರ್ಧಾರ ಮಾಡಲಿ ಎಂದು, ತಿಳಿವಳಿಕೆ ನೆಟ್ಟಗಿರುವಾಗಲೇ ನಾನು ಬರೆದುಕೊಡುವ ಪತ್ರ. ಪಾರ್ಶ್ವವಾಯು ಹೊಡೆದು ಐಸಿಯುನಲ್ಲಿ ಮಲಗಿರುವವರಿಂದ ಅದಕ್ಕೆ ಸಹಿ ಹಾಕಿಸಲು ಸಾಧ್ಯವಿಲ್ಲ. ಹೆಂಡತಿ ಹಾಕಿದರೂ ನಡೆಯದು, ಮಗ ಹಾಕಿದರೂ ನಡೆಯದು.

ಜಾಯಿಂಟ್ ಖಾತೆಯ ಮೇಲೆ ನಮ್ಮವರಿಗೆ ಬಹಳ ನಂಬಿಕೆ. ಆದರೆ ಖಾತೆದಾರರಲ್ಲಿ ಒಬ್ಬರಿಗೆ ನಿರ್ಧಾರ ಮಾಡುವ ಶಕ್ತಿ ಹೋಗಿದೆ ಎಂದು ಗೊತ್ತಾದರೆ ಬ್ಯಾಂಕು ಆ ಖಾತೆಗೆ ತಡೆ ಹಾಕಿ, ದಿನನಿತ್ಯದ ಖರ್ಚಿಗೆ ಬೇಕಾದಷ್ಟನ್ನೇ ಬಿಡಬಹುದು. ಪೆನ್ಶನ್, ಐಸಾ (ತೆರಿಗೆಯಿಲ್ಲದ ಉಳಿತಾಯ ಖಾತೆ) ಇವು ಹೇಗೂ ಒಬ್ಬರ ಹೆಸರಲ್ಲೇ ಇರುತ್ತವೆ. ಗಂಡ ಹೆಂಡಿರು ಎಂಬ ಕಾರಣಕ್ಕೆ ಒಬ್ಬರ ಹಣವನ್ನು ಇನ್ನೊಬ್ಬರು ಮುಟ್ಟುವ ಹಕ್ಕು ಇಲ್ಲಿನ ಕಾನೂನಿನಲ್ಲಿಲ್ಲ. ಆಸ್ಪತ್ರೆಯಲ್ಲಿ "ನೆಕ್ಸ್ಟ್ ಆಫ್ ಕಿನ್" ಎಂದು ಬರೆಸಿಕೊಂಡ ಮಾತ್ರಕ್ಕೆ ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಅಧಿಕಾರವೂ ಸಿಗುವುದಿಲ್ಲ. ವೈದ್ಯರು ನಿಮ್ಮನ್ನು ಕೇಳುತ್ತಾರೆ, ನಿರ್ಧಾರ ಅವರದು. ವಿಲ್ ಸತ್ತ ಮೇಲಿನ ಮಾತು. ಎಲ್‌ಪಿಎ ಬದುಕಿರುವಾಗಿನದು, ಸಾವಿನೊಂದಿಗೆ ಮುಗಿಯುತ್ತದೆ.

ಎಲ್‌ಪಿಎ ಇಲ್ಲದಿದ್ದರೆ ಉಳಿಯುವ ದಾರಿ, ತಿಳಿವಳಿಕೆ ಹೋದವರ ವಿಷಯ ನೋಡಿಕೊಳ್ಳುವ ಕೋರ್ಟ್ ಆಫ್ ಪ್ರೊಟೆಕ್ಷನ್‌ಗೆ ಅರ್ಜಿ ಹಾಕಿ "ಡೆಪ್ಯುಟಿ"ಯಾಗಿ ನೇಮಕವಾಗುವುದು. ಅರ್ಜಿ ಶುಲ್ಕವೇ 400 ಪೌಂಡಿಗೂ ಮೇಲೆ. ಆದೇಶ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕು. ಬಂದ ಮೇಲೂ ಬಾಂಡ್, ವರ್ಷ ವರ್ಷ ಮೇಲ್ವಿಚಾರಣೆ ಶುಲ್ಕ, ಲೆಕ್ಕಪತ್ರದ ವರದಿ ತಪ್ಪುವುದಿಲ್ಲ. ಅದೂ ಹಣಕಾಸಿಗೆ ಮಾತ್ರ. ಆರೋಗ್ಯದ ವಿಷಯಕ್ಕೆ ಕೋರ್ಟು ಡೆಪ್ಯುಟಿಯನ್ನು ನೇಮಿಸುವುದೇ ಅಪರೂಪ.

ಈಗ ಮಾಡುವ ಬಗೆ. ಮೆಂಟಲ್ ಕೆಪಾಸಿಟಿ ಆಕ್ಟ್ 2005ರ ಪ್ರಕಾರ, 2007ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎಲ್‌ಪಿಎ ಜಾರಿಯಲ್ಲಿದೆ. ಅದಕ್ಕೂ ಮೊದಲು ಮಾಡಿಸಿದ ಎಂಡ್ಯೂರಿಂಗ್ ಪವರ್ ಆಫ್ ಅಟಾರ್ನಿ ನಿಮ್ಮ ಬೀರುವಿನಲ್ಲಿದ್ದರೆ ಅದು ಈಗಲೂ ನಡೆಯುತ್ತದೆ, ಆದರೆ ಆರೋಗ್ಯದ ವಿಷಯ ಅದರಲ್ಲಿ ಬರುವುದಿಲ್ಲ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಕಾನೂನೂ ಬೇರೆ, ಫಾರಂ ಕೂಡ ಬೇರೆ.

ಎಲ್‌ಪಿಎಯಲ್ಲಿ ಎರಡು ಬಗೆ: ಆಸ್ತಿ ಹಣಕಾಸಿನದು, ಆರೋಗ್ಯ ಮತ್ತು ಆರೈಕೆಯದು. ಎರಡೂ ಬೇಕು, ಎರಡಕ್ಕೂ ಬೇರೆ ಬೇರೆ ಫಾರಂ, ಬೇರೆ ಬೇರೆ ಶುಲ್ಕ. 2025ರ ನವೆಂಬರ್ 17ರಿಂದ ಒಂದಕ್ಕೆ 92 ಪೌಂಡ್. ಗಂಡ ಹೆಂಡತಿ ಇಬ್ಬರೂ ಎರಡೆರಡು ಮಾಡಿಸಿದರೆ 368 ಪೌಂಡ್ ಆಯಿತು. ವರ್ಷದ ಆದಾಯ 12,000 ಪೌಂಡಿಗಿಂತ ಕಡಿಮೆ ಇದ್ದವರಿಗೆ ಅರ್ಧ ಶುಲ್ಕ. ನಿವೃತ್ತರಾಗಿ ಮಕ್ಕಳ ಜೊತೆ ಇರುವ ಅಪ್ಪ ಅಮ್ಮಂದಿರಿಗೆ ಇದು ಅನೇಕ ವೇಳೆ ಅನ್ವಯಿಸುತ್ತದೆ, ಯಾರೂ ಕೇಳುವುದಿಲ್ಲ. ವಿನಾಯಿತಿ ಲೆಕ್ಕಕ್ಕೆ ಬರುವುದು ಅಧಿಕಾರ ಕೊಡುವವರ ಆದಾಯ, ಮಕ್ಕಳದ್ದಲ್ಲ. ಸಾಮಾನ್ಯ ಸಂಸಾರಕ್ಕೆ ಸಾಲಿಸಿಟರ್ (ವಕೀಲರು) ಬೇಕೇಬೇಕು ಎಂದಿಲ್ಲ. ಸರ್ಕಾರಿ ಜಾಲತಾಣದಲ್ಲೇ ತುಂಬಿ, ಪ್ರಿಂಟ್ ತೆಗೆದು, ಪೆನ್ನಿನಲ್ಲಿ ಸಹಿ ಹಾಕಿ, ಇದನ್ನು ನೋಂದಾಯಿಸುವ ಕಚೇರಿಯಾದ ಆಫೀಸ್ ಆಫ್ ದಿ ಪಬ್ಲಿಕ್ ಗಾರ್ಡಿಯನ್‌ಗೆ ಅಂಚೆಯಲ್ಲಿ ಕಳಿಸಬಹುದು. ಎರಡನೆಯ ಮದುವೆ, ಸ್ವಂತ ವ್ಯಾಪಾರ, ಮಕ್ಕಳ ನಡುವೆ ಮನಸ್ತಾಪ ಇವುಗಳಲ್ಲಿ ಯಾವುದಿದ್ದರೂ ಸಾಲಿಸಿಟರಿಗೆ ಕೊಡುವ ದುಡ್ಡು ದಂಡವಲ್ಲ.

ಹೆಸರಿನಿಂದಲೇ ನಮ್ಮವರ ತೊಡಕು ಶುರು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿದೆ, ಬ್ಯಾಂಕಿನಲ್ಲಿ ಇನಿಷಿಯಲ್ ಮುಂದಿದೆ, ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್ಕಿನಲ್ಲಿ ಗಂಡನ ಹೆಸರು ಸೇರಿದೆ. ಫಾರಂನಲ್ಲಿ ಪಾಸ್‌ಪೋರ್ಟಿನ ಹೆಸರು ಹಾಕಿ, ಉಳಿದವನ್ನೆಲ್ಲ ಅಲ್ಲೇ ಇರುವ "ಬೇರೆ ಹೆಸರುಗಳು" ಎಂಬ ಖಾನೆಯಲ್ಲಿ ಬರೆಯಿರಿ. ಹುಟ್ಟಿದ ದಿನವೂ ಅಷ್ಟೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖೇ ಪಾಸ್‌ಪೋರ್ಟಿನಲ್ಲಿದ್ದರೆ ಅದನ್ನೇ ಹಾಕಿ, ಮನೆಯಲ್ಲಿ ಹುಟ್ಟುಹಬ್ಬ ಮಾಡುವ ತಾರೀಖನ್ನಲ್ಲ.

ಇನ್ನು ಅಟಾರ್ನಿ, ಅಂದರೆ ನಿಮ್ಮ ಪರವಾಗಿ ನಿರ್ಧಾರ ಮಾಡುವವರು, ಯಾರಾಗಬೇಕು? ಹದಿನೆಂಟು ದಾಟಿದ, ನೀವು ನಂಬುವ ಯಾರಾದರೂ ಆಗಬಹುದು. ದಿವಾಳಿಯಾದವರು ಹಣಕಾಸಿನದಕ್ಕೆ ಆಗುವಂತಿಲ್ಲ. ಬೆಂಗಳೂರಿನಲ್ಲಿರುವ ತಮ್ಮನೂ ಆಗಬಹುದು, ಆದರೆ ಇಲ್ಲಿನ ಬ್ಯಾಂಕುಗಳಲ್ಲಿ ಅವರ ಗುರುತು ವಿಳಾಸ ಒಪ್ಪಿಸುವುದು ತ್ರಾಸದ ಕೆಲಸ. ಅವರನ್ನು ಬದಲಿ ಅಟಾರ್ನಿಯಾಗಿ ಇಟ್ಟುಕೊಳ್ಳುವುದು ಮೇಲು.

ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ, ಅಷ್ಟು ಸಾಕು ಎಂದುಕೊಳ್ಳುವವರೇ ಹೆಚ್ಚು. ಮನೆ ಇಬ್ಬರ ಹೆಸರಲ್ಲಿರುವಾಗ ಸಿಕ್ಕು ಬೀಳುವುದೇ ಇಲ್ಲಿ. ಜಂಟಿ ಹೆಸರಿನ ಮನೆ ಮಾರುವಾಗ ಹಣಕ್ಕೆ ರಸೀದಿ ಕೊಡಲು ಕಡೇ ಪಕ್ಷ ಇಬ್ಬರು ಬೇಕು. ಟ್ರಸ್ಟೀ ಡೆಲಿಗೇಶನ್ ಆಕ್ಟ್ 1999ರ ಪ್ರಕಾರ, ಒಬ್ಬರೇ ತಮ್ಮ ಪರವಾಗಿ ಒಂದು ಸಹಿ, ಅಟಾರ್ನಿಯಾಗಿ ಇನ್ನೊಂದು ಸಹಿ ಹಾಕಿ ಅದನ್ನು ಇಬ್ಬರು ಎಂದು ತೋರಿಸುವಂತಿಲ್ಲ. ಗಂಡನನ್ನು ನೋಡಿಕೊಳ್ಳಲು ಮೆಟ್ಟಿಲಿಲ್ಲದ ಚಿಕ್ಕ ಮನೆಗೆ ಹೋಗಬೇಕೆಂದು ಹೊರಟ ಹೆಂಡತಿ, ಕೈಯಲ್ಲಿ ನೋಂದಾಯಿತ ಎಲ್‌ಪಿಎ ಇದ್ದೂ ಮಾರಾಟದ ಹೊತ್ತಿಗೆ ನಿಲ್ಲಬೇಕಾಗುತ್ತದೆ. ಸಂಗಾತಿಯ ಜೊತೆ ಬೆಳೆದ ಮಗಳನ್ನೋ ಮಗನನ್ನೋ ಸೇರಿಸಿದರೆ ಈ ತೊಡಕಿಲ್ಲ: ಹೆಂಡತಿ ತನ್ನ ಪಾಲಿಗೆ ಸಹಿ ಹಾಕುತ್ತಾಳೆ, ಮಗಳು ಅಪ್ಪನ ಪರವಾಗಿ ಹಾಕುತ್ತಾಳೆ.

ಒಬ್ಬರಿಗಿಂತ ಹೆಚ್ಚು ಅಟಾರ್ನಿ ಇದ್ದರೆ ಅವರು ಹೇಗೆ ಕೆಲಸ ಮಾಡಬೇಕೆಂದು ಫಾರಂ ಕೇಳುತ್ತದೆ. "ಜಾಯಿಂಟ್ಲಿ" ಅಂದರೆ ಪ್ರತಿಯೊಂದಕ್ಕೂ ಎಲ್ಲರ ಸಹಿ. ಅವರಲ್ಲೊಬ್ಬರು ತೀರಿಕೊಂಡರೆ ಉಳಿದವರ ಅಧಿಕಾರವೂ ಹೋಗುತ್ತದೆ, ಬದಲಿ ಅಟಾರ್ನಿಗಳನ್ನು ಹೆಸರಿಸದಿದ್ದರೆ ಪತ್ರವೇ ಕೆಲಸಕ್ಕೆ ಬಾರದು. "ಜಾಯಿಂಟ್ಲಿ ಅಂಡ್ ಸೆವೆರಲಿ" ಅಂದರೆ ಸೇರಿಯಾದರೂ ಸರಿ, ಒಬ್ಬೊಬ್ಬರಾಗಿಯಾದರೂ ಸರಿ. ಹೆಚ್ಚಿನ ಮನೆಗಳಿಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ಒಗ್ಗಟ್ಟಿರಲಿ ಎಂಬ ಆಸೆಯಿಂದ ಮೊದಲನೆಯದನ್ನು ಆರಿಸುವ ತಂದೆತಾಯಂದಿರ ಮನಸ್ಸು ಅರ್ಥವಾಗುತ್ತದೆ, ಆದರೆ ಒಗ್ಗಟ್ಟನ್ನು ಫಾರಂ ತರುವುದಿಲ್ಲ. ಗ್ಯಾಸ್ ಬಿಲ್ಲಿಗೂ ಇಬ್ಬರು ಸಹಿ ಹಾಕಬೇಕಾದರೆ ಇದ್ದ ಒಗ್ಗಟ್ಟೂ ಹೋದೀತು.

"ಜಾಯಿಂಟ್ಲಿ ಅಂಡ್ ಸೆವೆರಲಿ" ಎಂದು ಆರಿಸಿದ ಮೇಲೆ ಫಾರಂನ ಸೆಕ್ಷನ್ 7ರಲ್ಲಿ "ಭಿನ್ನಾಭಿಪ್ರಾಯ ಬಂದರೆ ದೊಡ್ಡ ಮಗನ ಮಾತೇ ಕೊನೆ" ಎಂದೋ, "ಮನೆ ಮಾರುವಾಗ ಇಬ್ಬರೂ ಒಪ್ಪಲೇಬೇಕು" ಎಂದೋ ಬರೆಯಬೇಡಿ. ಒಬ್ಬೊಬ್ಬರೂ ಮಾಡಬಹುದು ಎಂದು ಆರಿಸಿದ್ದಕ್ಕೆ ಅದು ವಿರುದ್ಧವಾಗುತ್ತದೆ, ನೋಂದಣಿ ನಿಂತು ವಿಷಯ ಕೋರ್ಟಿಗೆ ಹೋಗಬಹುದು. ಕೆಲವಕ್ಕೆ ಮಾತ್ರ ಎಲ್ಲರ ಒಪ್ಪಿಗೆ ಬೇಕಿದ್ದರೆ ಅದಕ್ಕೆಂದೇ ಮೂರನೆಯ ಆಯ್ಕೆಯಿದೆ.

ಅದೇ ಸೆಕ್ಷನ್ನಿನಲ್ಲಿ ಎರಡು ಖಾನೆಗಳಿವೆ. ಒಂದು ಇಷ್ಟಗಳಿಗೆ, ಇನ್ನೊಂದು ಕಟ್ಟಪ್ಪಣೆಗಳಿಗೆ. ಆದಷ್ಟೂ ಇಷ್ಟಗಳ ಖಾನೆಯನ್ನೇ ಬಳಸಿ. ಅಲ್ಲಿ ಬರೆದದ್ದು ಅಟಾರ್ನಿಗಳಿಗೆ ದಾರಿ ತೋರಿಸುತ್ತದೆ, ಕೈ ಕಟ್ಟುವುದಿಲ್ಲ. ಆರೋಗ್ಯದ ಎಲ್‌ಪಿಎಯಲ್ಲಿ ಈ ಖಾನೆಯನ್ನು ಖಾಲಿ ಬಿಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಮರೆವಿನ ಕಾಯಿಲೆ ಬಂದವರಲ್ಲಿ ಎಷ್ಟೋ ಮಂದಿ ಆಮೇಲೆ ಕಲಿತ ಇಂಗ್ಲಿಷನ್ನು ಬಿಟ್ಟು ತಾಯ್ನುಡಿಗೆ ಮರಳುತ್ತಾರೆ. ಕೇರ್ ಹೋಮಿನವರಿಗೆ ಅದು ಗೊತ್ತಾಗಬೇಕಲ್ಲ? ಕನ್ನಡದಲ್ಲಿ ಮಾತಾಡಿಸುವವರು ಯಾರಾದರೂ ಬಂದು ಹೋಗುತ್ತಿರಲಿ. ಶುದ್ಧ ಸಸ್ಯಾಹಾರ, ಮೊಟ್ಟೆ ಹಾಕಿದ ಕೇಕೂ ಬೇಡ. ರಾತ್ರಿ ಒಂದಿಷ್ಟು ಮೊಸರನ್ನ ಇರಲಿ. ಸ್ನಾನ ಮಾಡಿಸಲು ಹೆಂಗಸರೇ ಬರಲಿ. ಹೀಗೆ ಬಿಡಿಸಿ ಬರೆಯಿರಿ. ಮುಂದೆ ಬಾಯಿಬಿಟ್ಟು ಕೇಳಲಾಗದ ದಿನ ಮಗಳು ಅದನ್ನು ತೋರಿಸಿ ಕೇಳಬಹುದು.

ಆರೋಗ್ಯದ ಫಾರಂನ ಸೆಕ್ಷನ್ 5ರಲ್ಲಿ ಮನಸ್ಸು ಭಾರವಾಗುವ ಪ್ರಶ್ನೆಯೊಂದಿದೆ. ಜೀವ ಉಳಿಸುವ ಚಿಕಿತ್ಸೆಯನ್ನು ಒಪ್ಪುವ ಅಥವಾ ಬೇಡವೆನ್ನುವ ಅಧಿಕಾರ ಅಟಾರ್ನಿಗಳಿಗೆ ಕೊಡುತ್ತೀರಾ? ಎ ಎಂದರೆ ಕೊಡುತ್ತೇನೆ, ಬಿ ಎಂದರೆ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಮಾತಾಡದೆ ಇದಕ್ಕೆ ಸಹಿ ಹಾಕಬೇಡಿ. ಹಣಕಾಸಿನ ಫಾರಂನ ಸೆಕ್ಷನ್ 5 ಬೇರೆಯದನ್ನು ಕೇಳುತ್ತದೆ: ನೋಂದಣಿಯಾದ ಕೂಡಲೇ ಬಳಸಬಹುದೇ, ಅಥವಾ ತಿಳಿವಳಿಕೆ ಹೋದ ಮೇಲೆ ಮಾತ್ರವೇ? ಎರಡನೆಯದು ಸುರಕ್ಷಿತವೆಂದು ಕಂಡರೂ, ಆಗ ಪ್ರತಿ ಬ್ಯಾಂಕಿಗೂ ವೈದ್ಯರ ಪತ್ರ ತೋರಿಸುತ್ತ ಅಲೆಯಬೇಕಾಗುತ್ತದೆ. ಮೊದಲನೆಯದನ್ನು ಆರಿಸಿದರೂ ನಿಮಗೆ ತಿಳಿವಳಿಕೆ ಇರುವವರೆಗೂ ನಿಮ್ಮ ಒಪ್ಪಿಗೆಯಿಲ್ಲದೆ ಯಾರೂ ಏನೂ ಮಾಡುವಂತಿಲ್ಲ.

ಸರ್ಟಿಫಿಕೇಟ್ ಪ್ರೊವೈಡರ್ ಎಂಬವರು ನಿಮ್ಮ ಜೊತೆ ಮಾತಾಡಿ, ಇವರಿಗೆ ವಿಷಯ ಅರ್ಥವಾಗಿದೆ, ಯಾರ ಒತ್ತಾಯವೂ ಇಲ್ಲ ಎಂದು ಸಹಿ ಹಾಕುವವರು. ಎರಡು ವರ್ಷದಿಂದ ನಿಮ್ಮನ್ನು ಚೆನ್ನಾಗಿ ಬಲ್ಲವರಾಗಿರಬೇಕು, ಇಲ್ಲವೇ ಜಿಪಿ, ಸಾಲಿಸಿಟರ್, ಸೋಶಿಯಲ್ ವರ್ಕರ್‌ರಂಥವರಾಗಿರಬೇಕು. ನಿಮ್ಮ ನೆಂಟರಾಗಲಿ ಅಟಾರ್ನಿಗಳ ನೆಂಟರಾಗಲಿ ಆಗುವಂತಿಲ್ಲ. ಸೊಸೆ, ಅಳಿಯ, ಭಾವಮೈದ ಯಾರೂ ಬೇಡ. ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮನಿಗೆ, ಕನ್ನಡ ಬಳಗದಲ್ಲಿ ವರ್ಷಗಳಿಂದ ಪರಿಚಯವಿರುವ ಕನ್ನಡದವರೊಬ್ಬರು ಜಿಪಿಗಿಂತ ಒಳ್ಳೆಯ ಆಯ್ಕೆ. ತಿಳಿಯುವ ಭಾಷೆಯಲ್ಲಿ ವಿವರಿಸಿ ಎಂದು ಕಾನೂನೇ ಹೇಳುತ್ತದೆ. ಆ ಹೊತ್ತಿಗೆ ಮಕ್ಕಳು ಕೋಣೆಯಿಂದ ಹೊರಗಿರಲಿ. ಮರೆವು ಈಗಷ್ಟೇ ಕಾಣಿಸಿದೆ ಎಂದಾದರೂ ಬಾಗಿಲು ಮುಚ್ಚಿಲ್ಲ. ರೋಗದ ಹೆಸರು ಮುಖ್ಯವಲ್ಲ, ಸಹಿ ಹಾಕುವ ಹೊತ್ತಿನಲ್ಲಿ ಈ ಒಂದು ವಿಷಯ ತಿಳಿಯುತ್ತದೆಯೇ ಎಂಬುದು ಮುಖ್ಯ. ಆದರೆ ಅಂಥ ಸಂದರ್ಭದಲ್ಲಿ ಒಂದು ವಾರವನ್ನೂ ಕಳೆಯಬೇಡಿ, ಪ್ರೊವೈಡರ್ ಸಹಿಯನ್ನು ವೈದ್ಯರಿಂದಲೇ ಮಾಡಿಸಿ, ಬೆಳಗ್ಗೆ ಚುರುಕಾಗಿರುವ ಹೊತ್ತು ನೋಡಿ.

ಎಷ್ಟೋ ಅರ್ಜಿಗಳು ವಾಪಸ್ಸು ಬರುವುದು ಸಹಿಯ ಕ್ರಮ ತಪ್ಪಿದ್ದಕ್ಕೆ. ಆರೋಗ್ಯದ ಫಾರಂನಲ್ಲಿ ಮೊದಲು ಸೆಕ್ಷನ್ 5ಕ್ಕೆ ನಿಮ್ಮ ಸಹಿ, ಆಮೇಲೆ ಅಥವಾ ಅದೇ ದಿನ ಸೆಕ್ಷನ್ 9ಕ್ಕೆ ನಿಮ್ಮ ಸಹಿ. ನಂತರ ಸೆಕ್ಷನ್ 10ಕ್ಕೆ ಸರ್ಟಿಫಿಕೇಟ್ ಪ್ರೊವೈಡರ್, ಅದಾದ ಮೇಲೆ ಸೆಕ್ಷನ್ 11ಕ್ಕೆ ಅಟಾರ್ನಿಗಳೂ ಬದಲಿಗಳೂ, ಕೊನೆಗೆ ಸೆಕ್ಷನ್ 15ಕ್ಕೆ ಅರ್ಜಿ ಹಾಕುವವರು. ಭಾನುವಾರ ಊಟಕ್ಕೆ ಸೇರಿದಾಗ ಮಗ ಆತುರಕ್ಕೆ ಮೊದಲೇ ಸಹಿ ಹಾಕಿ, ಪ್ರೊವೈಡರ್ ಬುಧವಾರದ ತಾರೀಖು ಹಾಕಿದರೆ ಅರ್ಜಿ ಕೆಟ್ಟಿತು. ನಿಮ್ಮ ಸಹಿಗೆ ಅಟಾರ್ನಿಗಳು ಸಾಕ್ಷಿಯಾಗುವಂತಿಲ್ಲ, ಅವರ ಸಹಿಗೆ ನೀವು ಸಾಕ್ಷಿಯಾಗುವಂತಿಲ್ಲ. ಅಟಾರ್ನಿಗಳು ಒಬ್ಬರಿಗೊಬ್ಬರು ಆಗಬಹುದು. ಸಾಕ್ಷಿ ಎದುರಿಗೇ ಕೂತು ನೋಡಬೇಕು, ವಿಡಿಯೋ ಕರೆಯಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಬೆಂಗಳೂರಿನ ತಮ್ಮ ಅಟಾರ್ನಿಯಾದರೆ ಮೂಲ ಪತ್ರವೇ ಕೊರಿಯರ್‌ನಲ್ಲಿ ಹೋಗಿ ಬರಬೇಕು, ವಾಟ್ಸಾಪ್‌ನಲ್ಲಿ ಸ್ಕ್ಯಾನ್ ಕಳಿಸಿದರೆ ಆಗದು. ತಪ್ಪು ಬಿದ್ದರೆ ವೈಟ್ನರ್ ಬಳಿಯಬೇಡಿ. ಗೆರೆ ಹೊಡೆದು ತಿದ್ದಿ, ಸಹಿ ಹಾಕಿದವರೂ ಸಾಕ್ಷಿಯೂ ಪಕ್ಕದಲ್ಲಿ ಇನಿಷಿಯಲ್ ಹಾಕಿ. ಒಂದು ಪುಟವೂ ಬಿಡದೆ ಕಳಿಸಿ.

ನೋಂದಣಿಗೆ ಎಂಟರಿಂದ ಹತ್ತು ವಾರ ಹಿಡಿಯುತ್ತದೆ. ಅದರಲ್ಲಿ ನಾಲ್ಕು ವಾರ ಆಕ್ಷೇಪಣೆಗೆಂದು ಕಾನೂನಿನಲ್ಲೇ ಇರುವ ಕಾಯುವ ಅವಧಿ. ಸಹಿ ಹಾಕಿ ಬೀರುವಿನಲ್ಲಿಟ್ಟರೆ ಅದಕ್ಕೆ ಬೆಲೆಯಿಲ್ಲ, ಕೂಡಲೇ ನೋಂದಾಯಿಸಿ. ಆದ ಮೇಲೆ ಬರುವ ಆ್ಯಕ್ಟಿವೇಶನ್ ಕೀಯಿಂದ ಆನ್‌ಲೈನ್ ಖಾತೆಗೆ ಸೇರಿಸಿಕೊಂಡರೆ, ಬ್ಯಾಂಕಿಗೆ 30 ದಿನ ನಡೆಯುವ ಒಂದು ಕೋಡ್ ಕೊಟ್ಟರೆ ಸಾಕು. ನೀವು ಗಟ್ಟಿಯಾಗಿರುವಾಗಲೇ ಒಂದೆರಡು ಪ್ರತಿಗಳ ಪ್ರತಿ ಪುಟಕ್ಕೂ ನೀವೇ ದೃಢೀಕರಿಸಿ ಸಹಿ ಹಾಕಿಡಿ. ಮುಂದೆ ಅದನ್ನು ಸಾಲಿಸಿಟರಿಂದಲೋ ನೋಟರಿಯಿಂದಲೋ ಮಾಡಿಸಬೇಕಾಗುತ್ತದೆ.

ಅಟಾರ್ನಿಗಳಿಗೂ ಒಂದು ಮಾತು. ಅಪ್ಪನ ಹಣದಿಂದ ಮೊಮ್ಮಗಳ ಮದುವೆಗೆ ಅವರ ಅಂತಸ್ತಿಗೆ ತಕ್ಕ ಒಂದು ಸರ ಕೊಡಬಹುದು. ಮಗನ ಮನೆಯ ಡಿಪಾಸಿಟ್ಟಿಗೆ ಐವತ್ತು ಸಾವಿರ ಪೌಂಡ್ ಎತ್ತಿಕೊಡುವಂತಿಲ್ಲ; ಅದಕ್ಕೆ ಕೋರ್ಟ್ ಆಫ್ ಪ್ರೊಟೆಕ್ಷನ್‌ನ ಅನುಮತಿ ಬೇಕು. ಊರಿನಲ್ಲಿರುವ ಅಕ್ಕನಿಗೆ ತಿಂಗಳು ತಿಂಗಳು ಹಣ ಕಳಿಸುವ ರೂಢಿ ಇದ್ದರೆ ಅದು ಮುಂದುವರಿಯಲಿ ಎಂಬ ಆಸೆಯನ್ನು ಫಾರಂನಲ್ಲೇ ಬರೆಸಿ. ಅದರ ಮಾತುಗಳನ್ನು ಮಾತ್ರ ಸಾಲಿಸಿಟರ್ ನೋಡಿಕೊಡಲಿ.

ಕರ್ನಾಟಕದಲ್ಲಿರುವ ಸೈಟು, ತೋಟ, ಅಲ್ಲಿನ ಠೇವಣಿಗಳಿಗೆ ಈ ಎಲ್‌ಪಿಎಯನ್ನು ನೆಚ್ಚಬೇಡಿ, ಅದು ಇಲ್ಲಿನ ಕಾಯ್ದೆಯ ಪತ್ರ. ಅಲ್ಲಿಗೆಂದು ತಮ್ಮನಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಕೊಟ್ಟಿದ್ದೇನಲ್ಲ ಎಂದರೆ, 1872ರ ಭಾರತೀಯ ಕರಾರು ಕಾಯ್ದೆಯ 201ನೆಯ ಕಲಮಿನ ಪ್ರಕಾರ, ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ದಿನವೇ ಸಾಮಾನ್ಯ ಜಿಪಿಎ ಮುಗಿಯಿತು. ಬೇಕಾದ ಹೊತ್ತಿಗೇ ಅದು ಇರುವುದಿಲ್ಲ. ಹಾಗಾಗಿ ಊರಿನ ಭಾಗ ಪತ್ರ, ಖಾತೆ ಬದಲಾವಣೆ, ಮಾರಾಟ, ನಾಮಿನಿ ಇವನ್ನು ನೀವು ಓಡಾಡಿಕೊಂಡಿರುವಾಗಲೇ ಮುಗಿಸಿಕೊಳ್ಳಿ. ಆ ಕೆಲಸಕ್ಕೆಂದು ಲಂಡನ್ನಿನ ಭಾರತೀಯ ಹೈಕಮಿಷನ್‌ನಲ್ಲಿ ದೃಢೀಕರಿಸಿ ಜಿಪಿಎ ಕಳಿಸುವುದಾದರೆ, ಅದು ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಲು ತಮ್ಮನಿಗೆ ಹೇಳಿ.