ಎದೆ ಮೇಲೆ ನಿನ್ನೆಯ ಪೇಪರ್

ಇವತ್ತು ಬೆಳಗ್ಗೆ 5ಕ್ಕೆ ಬೈಕ್ ಹತ್ತಿ ಚಿಕ್ಕಮಗಳೂರಿಗೆ ಹೊರಟೆ. ಲೆದರ್ ಜಾಕೆಟ್ ಇದೆ, ಚಳಿ ಏನು ಮಾಡೀತು ಅನ್ನೋ ಕೊಬ್ಬು ಬೇರೆ. ನೆಲಮಂಗಲ ದಾಟುವಷ್ಟರಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು. ಚರ್ಮ ಗಾಳಿ ತಡೆಯುತ್ತದೆ, ನಿಜ. ಆದರೆ ಬಿಸಿ ಹಿಡಿದಿಡೋದು ಅದರೊಳಗೆ ನಿಂತ ಗಾಳಿ. ನಾನು ಒಳಗೆ ಹಾಕಿದ್ದು ಬರೀ ಟೀ ಶರ್ಟ್! ಜಿಪ್ಪಿನ ಸಾಲಿನಲ್ಲಿ ನುಗ್ಗುವ ಗಾಳಿಯಂತೂ ಸೂಜಿ ಚುಚ್ಚಿದ ಹಾಗೆ.

ಕುಣಿಗಲ್ ಹತ್ತಿರ ಟೀಗೆ ನಿಲ್ಲಿಸಿದೆ. ಲೋಟ ಹಿಡಿಯೋಕೆ ಬೆರಳು ಮಡಚುತ್ತಿರಲಿಲ್ಲ. ಅಂಗಡಿಯ ಅಜ್ಜ ನೋಡಿ ನಕ್ಕರು. ಬೋಂಡಾ ಕಟ್ಟೋಕೆ ಇಟ್ಟಿದ್ದ ಪೇಪರ್ ಎಳೆದು ಕೊಟ್ಟರು. "ಎದೆಗೆ ಇಟ್ಕೊಂಡು ಜಿಪ್ ಎಳ್ಕೊಳಪ್ಪ. ಲೂನಾದಲ್ಲಿ ಹಾಲು ಹಾಕೋವಾಗ ನಾವು ಮಾಡ್ತಿದ್ದಿದ್ದೇ ಇದು."

ನಾಲ್ಕು ಮಡಿಕೆ ಮಾಡಿ ಒಳಗೆ ತುರುಕಿದೆ. ಹತ್ತೇ ನಿಮಿಷ, ಎದೆ ಬೆಚ್ಚಗಾಯಿತು. ತಿರುವಿನಲ್ಲಿ ಬಾಗಿದಾಗೆಲ್ಲ ಒಳಗೆ ಪರಪರ ಸದ್ದು. ಜಾಕೆಟ್ಟಿಗೆ ಒಂದು ತಿಂಗಳ ಬಾಡಿಗೆಯಷ್ಟು ಸುರಿದಿದ್ದೆ, ಅಲ್ವಾ? ಅಂಗಡಿಯವನು ಈ ಗುಟ್ಟು ಹೇಳಲೇ ಇಲ್ಲ. ಹೇಳಿದ್ದರೂ ಆಗ ನಾನು ಕೇಳುತ್ತಿರಲಿಲ್ಲ ಬಿಡಿ.

ಹಾಸನದಲ್ಲಿ ತೆಗೆದು ನೋಡಿದರೆ ಬಿಳಿ ಟೀ ಶರ್ಟಿನ ಮೇಲೆ ಮಸಿಯ ಕಲೆ. ಪದಬಂಧ ಅರ್ಧ ತುಂಬಿತ್ತು, ಅಜ್ಜನದೇ ಅಕ್ಷರ ಇರಬೇಕು. ಉಳಿದದ್ದನ್ನ ಇಡ್ಲಿ ಬರೋವರೆಗೆ ನಾನು ತುಂಬಿಸುತ್ತಾ ಕೂತಿದ್ದೇನೆ.