ಉರಿ ಮೂತ್ರ ಅಂತ ಬಂದವರಿಗೆ ನಾನು ಮೊದಲು ಕೇಳುವ ಪ್ರಶ್ನೆ

ನಾನು ಜಿಲ್ಲಾಸ್ಪತ್ರೆಯೊಂದರ ಸುರಕ್ಷಾ ಕ್ಲಿನಿಕ್‌ನಲ್ಲಿ ಆಪ್ತಸಮಾಲೋಚಕಿ. ಲೈಂಗಿಕ ಸೋಂಕುಗಳಿಗೆ ಉಚಿತವಾಗಿ ಪರೀಕ್ಷೆ, ಔಷಧಿ ಕೊಡುವ ಜಾಗ ಇದು. ಅವುಗಳಲ್ಲಿ ಒಂದು ಹರ್ಪಿಸ್, ಗುಪ್ತಾಂಗದಲ್ಲಿ ಗುಳ್ಳೆ, ಹುಣ್ಣು ತರುವ ವೈರಸ್ ಸೋಂಕು. ಬರುವ ಹೆಂಗಸರು "ಹರ್ಪಿಸ್" ಅನ್ನುವುದಿಲ್ಲ. "ಉಷ್ಣ ಆಗಿದೆ ಮೇಡಂ, ಉರಿ ಮೂತ್ರ" ಅನ್ನುತ್ತಾರೆ. ಎಳನೀರು, ಬಾರ್ಲಿ ನೀರು, ಮೆಡಿಕಲ್ ಶಾಪಿನ ಮಾತ್ರೆ ಎಲ್ಲ ಮುಗಿಸಿಯೇ ಬಂದಿರುತ್ತಾರೆ.

ನಾನು ಕೇಳುತ್ತೇನೆ: "ಉರಿ ಒಳಗಡೆಯಾ ಅಕ್ಕ, ಇಲ್ಲಾ ಮೂತ್ರ ಹೊರಗಿನ ಚರ್ಮಕ್ಕೆ ತಾಗಿದಾಗ ಚುರ್ ಅನ್ನುತ್ತಾ?" ಮೂತ್ರದ ಸೋಂಕಿನಲ್ಲಿ ಸಾಮಾನ್ಯವಾಗಿ ಉರಿ ಒಳಗಿರುತ್ತದೆ, ಪದೇ ಪದೇ ಹೋಗಬೇಕು ಅನ್ನಿಸುತ್ತದೆ. ಹರ್ಪಿಸ್‌ನಲ್ಲಿ ಹುಣ್ಣಿನ ಮೇಲೆ ಮೂತ್ರ ಬಿದ್ದು ಉರಿ ಜಾಸ್ತಿಯಾಗುತ್ತದೆ. ಹೀಗೆ ಕೇಳಿದ ಮೇಲೇ ಅನೇಕರು "ಹೌದು, ಅಲ್ಲಿ ಗುಳ್ಳೆನೂ ಇವೆ" ಅಂತ ಬಾಯಿಬಿಡುತ್ತಾರೆ. ನಾವೇ ಕೇಳದಿದ್ದರೆ ಹೇಳುವುದಿಲ್ಲ. ಆ ನಾಚಿಕೆಗೆ ಅವರನ್ನು ದೂರುವ ಹಾಗಿಲ್ಲ.

ಹರ್ಪಿಸ್‌ನ ಲಕ್ಷಣ ಕಾಣುವುದಾದರೆ ಸೋಂಕು ತಗುಲಿದ 2ರಿಂದ 12 ದಿನಗಳಲ್ಲಿ ಕಾಣುತ್ತದೆ. ಮೊದಲು ಜುಮುಜುಮು, ನವೆ. ಆಮೇಲೆ ಗುಂಪುಗುಂಪಾಗಿ ಸಣ್ಣ ನೀರುಗುಳ್ಳೆ. ಅವು ಒಡೆದು ನೋವಿನ ಹುಣ್ಣಾಗುತ್ತವೆ. ಹೊರಗಷ್ಟೇ ಅಲ್ಲ, ಯೋನಿಯ ಒಳಗೆ, ಗರ್ಭಕೋಶದ ಬಾಯಿಯಲ್ಲಿ, ಗುದದ ಸುತ್ತ, ಪೃಷ್ಠದ ಮೇಲೂ ಆಗಬಹುದು. ಮೊದಲ ಸಲ ಜ್ವರ, ಮೈಕೈ ನೋವು, ತೊಡೆಸಂದಿನಲ್ಲಿ ಗಂಟು ಬರುವುದೂ ಉಂಟು. ಕೆಲವರಿಗೆ ಮೂತ್ರವೇ ಕಟ್ಟಿಬಿಡುತ್ತದೆ. ಹಾಗಾದರೆ ಬೆಳಗಾಗುವವರೆಗೂ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಬನ್ನಿ.

ಆದರೆ ಜಾಸ್ತಿ ಮಂದಿಗೆ ಇಷ್ಟೆಲ್ಲ ಆಗುವುದೇ ಇಲ್ಲ. ಎರಡನೇ, ಮೂರನೇ ಸಲ ಬಂದಾಗ ಒಂದು ಸಣ್ಣ ಗೀರು, ಒಂದೆರಡು ಗುಳ್ಳೆ, ನಾಲ್ಕೈದು ದಿನ, ಅಷ್ಟೇ. ಪ್ಯಾಡ್ ಉಜ್ಜಿದ್ದು, ಕೂದಲು ತೆಗೆದಾಗ ಗಾಯವಾಗಿದ್ದು ಅಂತ ಬಿಟ್ಟುಬಿಡುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಜಾಗ. ವೈರಸ್ ಬೆನ್ನುಮೂಳೆಯ ಕೆಳಭಾಗದ ನರಗಳಲ್ಲಿ ಅಡಗಿ, ಅದೇ ದಾರಿಯಲ್ಲಿ ಹೊರಗೆ ಬರುತ್ತದೆ. ಹಾಗಾಗಿ ಅದೇ ಜಾಗದಲ್ಲೋ ಅದರ ಪಕ್ಕದಲ್ಲೋ ಮತ್ತೆ ಆಗುತ್ತದೆ. ಹಿಂದಿನ ದಿನವೇ ಅಲ್ಲಿ ಜುಮುಜುಮು, ಇಲ್ಲವೇ ಪೃಷ್ಠದಿಂದ ಕಾಲಿಗೆ ಸೆಳೆತ. "ಪ್ರತಿ ಸಲ ಇಲ್ಲೇ ಆಗುತ್ತೆ" ಅಂದರೆ ನಾನು ಡಾಕ್ಟರಿಗೆ ಅದನ್ನೇ ಮೊದಲು ಹೇಳುತ್ತೇನೆ.

ಮೊಸರಿನಂಥ ಬಿಳಿ ಸೆರಗು, ಬರೀ ನವೆ ಇದ್ದರೆ ಅದು ಬಹುಶಃ ಫಂಗಸ್. ನೋವೇ ಇಲ್ಲದ ಹುಣ್ಣು ಸಿಫಿಲಿಸ್ ಇರಬಹುದು. ಅದಕ್ಕೇ ಹುಣ್ಣು ಕಂಡವರಿಗೆಲ್ಲ ಸಿಫಿಲಿಸ್, ಎಚ್‌ಐವಿ ರಕ್ತಪರೀಕ್ಷೆಯನ್ನೂ ಮಾಡಿಸುತ್ತೇವೆ.

ಗುಳ್ಳೆ ಹಸಿಯಾಗಿರುವಾಗಲೇ ತೋರಿಸಿ, ದಯವಿಟ್ಟು. ಅರಿಶಿನ, ಡೆಟಾಲ್, ಯಾರೋ ಕೊಟ್ಟ ಸ್ಟಿರಾಯ್ಡ್ ಮುಲಾಮು ಹಚ್ಚಬೇಡಿ. ಪರೀಕ್ಷೆಗೆ ದ್ರವ ತೆಗೆಯುವುದು ಹಸಿ ಗುಳ್ಳೆಯಿಂದಲೇ. ಹಕ್ಕಳೆ ಕಟ್ಟಿದ ಮೇಲೆ ವೈರಸ್ ಸಿಗದೇ ಹೋಗಬಹುದು. ನಮ್ಮಲ್ಲಿ ಇದಕ್ಕೆ ಕೊಡುವ ಮಾತ್ರೆಗಳ ಪೊಟ್ಟಣ ಕೆಂಪು ಕಿಟ್: ಅಸೈಕ್ಲೋವಿರ್ 400 ಮಿಲಿಗ್ರಾಂ, ದಿನಕ್ಕೆ 3 ಸಲ, 7 ದಿನ. ವೈರಸ್ ದೇಹದಲ್ಲೇ ಉಳಿಯುತ್ತದೆ. ಆದರೆ ಬೇಗ ಶುರುಮಾಡಿದರೆ ಹುಣ್ಣು ಬೇಗ ಮಾಯುತ್ತದೆ.

ಮಾತ್ರೆಗಿಂತ ಕಷ್ಟದ ಮಾತು "ಇದು ಯಾರಿಂದ ಬಂತು?" ಅನ್ನುವುದು. ಗಂಡನ ಮೇಲೆ ಇವಳಿಗೆ ಅನುಮಾನ, ಇವಳ ಮೇಲೆ ಅತ್ತೆಮನೆಯವರಿಗೆ ಅನುಮಾನ. ನಾನು ನಿಧಾನಕ್ಕೆ ಕೂರಿಸಿ ಹೇಳುತ್ತೇನೆ. ಈಗ ಹುಣ್ಣು ಬಂತು ಅಂದಮಾತ್ರಕ್ಕೆ ಸೋಂಕು ಈಗಲೇ ತಗುಲಿತು ಅಂತಲ್ಲ. ವರ್ಷಗಟ್ಟಲೆ ಸುಮ್ನೆ ಇದ್ದು ಆಮೇಲೆ ಕಾಣಿಸಬಹುದು. ಕೊಟ್ಟವರಿಗೆ ಒಂದು ಗುಳ್ಳೆಯೂ ಬಂದಿರದೇ ಇರಬಹುದು. ತುಟಿಯ ಮೇಲೆ ಗುಳ್ಳೆ ತರುವ ವೈರಸ್ಸೂ ಬಾಯಿಯಿಂದ ಗುಪ್ತಾಂಗಕ್ಕೆ ದಾಟಬಹುದು. ಹುಣ್ಣು ನೋಡಿ ತಾರೀಖು ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ. ಇಷ್ಟು ಗೊತ್ತಾದರೆ ಸಾಕು, ಕೆಲವರು ಗಂಡನನ್ನೂ ಪರೀಕ್ಷೆಗೆ ಕರೆದುಕೊಂಡು ಬರುತ್ತಾರೆ.

ಬಸುರಿಯಾಗಿದ್ದರೆ, ಹಳೆಯ ಹುಣ್ಣಾದರೂ ಸರಿ, ಡಾಕ್ಟರಿಗೆ ಹೇಳಿ. 36ನೇ ವಾರದಿಂದ ಮಾತ್ರೆ ಕೊಡಬಹುದು. ಹೆರಿಗೆ ನೋವು ಬಂದಾಗ ಹುಣ್ಣೋ ಜುಮುಜುಮು ಉರಿಯೋ ಇದ್ದರೆ, ಮಗುವಿಗೆ ತಗುಲದಿರಲಿ ಅಂತ ಸಿಸೇರಿಯನ್ ಮಾಡುತ್ತಾರೆ.