ಸಿಂಗಾಪುರ ಏಡಿ ಮಾಡೆಲ್, ಅಪ್ಡೇಟ್ 4: ಗಂಡೇಡಿಗೆ ಮೊಟ್ಟೆ ಅಂಟ್ಸಿದ ಕತೆ

ಮೂರು ವಾರದಿಂದ ಏನೂ ಹಾಕಿರ್ಲಿಲ್ಲ, ಯಾಕಂದ್ರೆ ಮಾಡಿ ಮುಗ್ಸಿದ್ದ ಏಡೀನ ಒಡೆದು ಮತ್ತೆ ಮಾಡ್ತಾ ಕೂತಿದ್ದೆ. ಹೊಸಬ್ರಿಗೆ ಒಂದೇ ಮಾತಲ್ಲಿ ಹೇಳ್ಬೇಕಂದ್ರೆ, ಇದು ಜೊಹೋರಾ ಸಿಂಗಾಪೊರೆನ್ಸಿಸ್ ಅನ್ನೋ ಏಡಿಯ ಮಾಡೆಲ್ಲು, ನಾನಿರೋ ಈ ಸಿಂಗಾಪುರ ದ್ವೀಪ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ದೇ ಇರೋ ಸಿಹಿನೀರಿನ ಏಡಿ. ಎಷ್ಟೇ ಬೆಳೆದ್ರೂ ಚಿಪ್ಪು ಮೂರು ಸೆಂಟಿಮೀಟರ್ ಆಸುಪಾಸು. ಆ ಸೈಜಲ್ಲಿ ಎಪಾಕ್ಸಿ ಪುಟ್ಟಿ (ಕಲಸಿಟ್ರೆ ಕಲ್ಲಿನ ತರ ಗಟ್ಟಿಯಾಗೋ ಮಿಶ್ರಣ) ತಿದ್ದೋಕೆ ನನ್ ಕಣ್ಣು ಸಾಲಲ್ಲ, ಅದಕ್ಕೆ ಡಬಲ್ ಸೈಜು. ಶೂ ಡಬ್ಬದೊಳಗೆ ಒಂದು ತುಂಡು ಹಳ್ಳ, ಅದ್ರಲ್ಲಿ ಮೊಟ್ಟೆ ಹೊತ್ತ ತಾಯೇಡಿ, ಇಷ್ಟೇ ಪ್ಲಾನು.

ತಾಯೇಡಿನೇ ಯಾಕೆ ಅಂತ ಕಳೆದ ಸಲ ಒಬ್ರು ಕೇಳಿದ್ರು. ಸಮುದ್ರದ ಏಡಿಗಳು ಲೆಕ್ಕವಿಲ್ಲದಷ್ಟು ಸಣ್ಣ ಮೊಟ್ಟೆ ಇಡ್ತಾವೆ, ಅದರ ಲಾರ್ವಾ, ಅಂದ್ರೆ ಇನ್ನೂ ಏಡಿ ಆಕಾರ ಬರದ ಮರಿ, ನೀರಲ್ಲಿ ತೇಲ್ಕೊಂಡು ಎಲ್ಲೆಲ್ಲಿಗೋ ಹೋಗಿ ಸೇರುತ್ತೆ. ಇದಕ್ಕೆ ಆ ಲಾರ್ವಾ ಹಂತನೇ ಇಲ್ಲ ಕಣ್ರೀ, ಮೊಟ್ಟೆ ಕಮ್ಮಿ, ಆದ್ರೆ ದಪ್ಪ, ತಾಯಿ ಹೊಟ್ಟೆ ಮುಚ್ಚಳದ ಕೆಳಗೇ ಇದ್ದು ಒಡೆದಾಗ ಪೂರ್ತಿ ಏಡಿಮರಿನೇ ಈಚೆ ಬರುತ್ತೆ, ಬಂದು ಅದೇ ಹಳ್ಳದಲ್ಲೇ ಉಳಿಯುತ್ತೆ. ಪಕ್ಕದ ಹಳ್ಳಕ್ಕೆ ಹೋಗೋದೂ ಕಷ್ಟ, ಹಾಗಾಗಿ ಹಳ್ಳ ಕೆಟ್ರೆ ಅಲ್ಲಿಗೆ ಮುಗೀತು. ಏಡಿ ಸಂಶೋಧಕ ಪೀಟರ್ ಎಂಗ್ ಇದಕ್ಕೆ ಹೆಸರಿಟ್ಟಿದ್ದು 1986ರಲ್ಲಿ, ಈ ಏಡಿ ಇರೋ ಬುಕಿಟ್ ತಿಮಾ ಕಾಡನ್ನ ಪಕ್ಕದ ದೊಡ್ಡ ಕಾಡಿಂದ ಕತ್ತರಿಸಿದ ಎಕ್ಸ್‌ಪ್ರೆಸ್‌ವೇ ಮುಗಿದಿದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. 2012ರಲ್ಲಿ ಪ್ರಪಂಚದಲ್ಲೇ ಅತಿ ಹೆಚ್ಚು ಅಪಾಯದಲ್ಲಿರೋ 100 ಜೀವಿಗಳ ಪಟ್ಟಿ ಮಾಡಿದಾಗ ಅದ್ರಲ್ಲಿ ಇದೂ ಇತ್ತು.

ಈಗ ಎಡವಟ್ಟಿನ ವಿಷ್ಯ. ಸಾಸಿವೆ ಕಾಳಿಗೆ ಕಿತ್ತಳೆ ಬಣ್ಣ ಹಚ್ಚಿ ಹೊಟ್ಟೆ ಕೆಳಗೆ ಚೆಂದ ಮಾಡಿ ಅಂಟ್ಸಿ ತೀರ್ಥಹಳ್ಳಿಲಿರೋ ಅಮ್ಮಂಗೆ ಫೋಟೋ ಕಳ್ಸಿದೆ. ಎರಡೇ ನಿಮಿಷಕ್ಕೆ ಫೋನು. “ಎಂತದೇ ಇದು, ಗಂಡೇಡಿ ಹೊಟ್ಟೆಗೆ ಮೊಟ್ಟೆ ಅಂಟ್ಸಿದೀಯಲ್ಲೇ ಮಾರಾಯ್ತಿ!”

ನೋಡಿದ್ರೆ ಹೌದು. ಹೊಟ್ಟೆ ಮುಚ್ಚಳ ಚೂಪಾಗಿ ತ್ರಿಕೋನ ತರ ಇದ್ರೆ ಗಂಡು, ಅಗಲವಾಗಿ ದುಂಡಗಿದ್ರೆ ಹೆಣ್ಣು. ಚಿಕ್ಕೋಳಿದ್ದಾಗ ಮೊದಲ ಮಳೆಗೆ ಟಾರ್ಚ್ ಹಿಡ್ಕೊಂಡು ಗದ್ದೆ ಬದಿಗೆ ಹೋದ್ರೆ ಅಮ್ಮ ಒಂದೊಂದನ್ನೂ ಮಗುಚಿ ನೋಡಿ, ಮರಿ ಇದ್ರೆ ವಾಪಸ್ ಬಿಡ್ತಿದ್ಲು, ಪಕ್ಕದಲ್ಲೇ ನಿಂತಿದ್ದೆ ನಾನು, ಆದ್ರೂ ತಲೆಗೆ ಹತ್ತಿಲ್ಲ ನೋಡಿ. ನೂರಾರು ಫೋಟೋ ಸೇವ್ ಮಾಡ್ಕೊಂಡಿದ್ದೆ, ಎಲ್ಲಾ ಮೇಲಿಂದ ತೆಗೆದಿದ್ದೇ! “ಮೊಟ್ಟೆನೂ ಇಷ್ಟು ಸಣ್ಣ ಇರೂದಿಲ್ಲ, ನಮ್ ಏಡೀದು ಸಾಬಕ್ಕಿ ತರ ಇರ್ತದೆ” ಅಂತ ಇನ್ನೊಂದು ಹಾಕಿದ್ಲು. ಸರಿ, ಕಟರ್ ತಗೊಂಡು ಹೊಟ್ಟೆ ಕೆತ್ತಿ, ಅಗಲದ ಮುಚ್ಚಳ ಹೊಸದಾಗಿ ಮಾಡಿ, ದಪ್ಪ ಸಾಬಕ್ಕಿ ಅಂಟ್ಸಿದೆ. ಬೆಳಗ್ಗೆ ಎದ್ದು ನೋಡ್ತೀನಿ ಇರುವೆ ಸಾಲು! ಈಗ ಎರಡು ಕೋಟ್ ವಾರ್ನಿಶ್ ಆಗಿದೆ, ಇರುವೆ ಬಂದಿಲ್ಲ.

ಜೀವಂತ ಏಡಿ ನೋಡಿದ್ರೆ ಬಣ್ಣ ಸರಿಯಾಗಿ ಸಿಗ್ತಿತ್ತು. ಆದ್ರೆ ಅದು ಈಚೆ ಬರೋದು ರಾತ್ರಿ, ಬುಕಿಟ್ ತಿಮಾ ಕಾಡಿನ ಗೇಟು ಹಾಕೋದು ಸಂಜೆ 7ಕ್ಕೆ, ಹಗಲಲ್ಲಿ ಕಲ್ಲು ಎತ್ತಿ ಹುಡುಕೋದು ತಪ್ಪು, ಮಾಡೋದೂ ಇಲ್ಲ. ಕಂದು ಬಣ್ಣಕ್ಕೆ ಚೂರು ಕಿತ್ತಳೆ ಅಂತ ತೀರ್ಮಾನ ಮಾಡ್ಕೊಂಡಿದ್ದೀನಿ.

ನೀರಿಂದು ಇನ್ನೂ ಬಗೆಹರಿದಿಲ್ಲ. ಮೊದಲ ಸಲ ರೆಸಿನ್ (ಸುರಿದ್ಮೇಲೆ ಗಾಜಿನ ತರ ಗಟ್ಟಿಯಾಗೋ ದ್ರವ) ಒಂದಿಂಚು ಸುರಿದೆ, ಸ್ವಿಮ್ಮಿಂಗ್ ಪೂಲ್ ತರ ಕಾಣ್ತು. ಇದು ಇರೋದು ಕಲ್ಲು ತರಗೆಲೆ ಮಧ್ಯೆ ತೆಳ್ಳಗೆ ಹರಿಯೋ ನೀರಲ್ಲಿ. ತರಗೆಲೆಗೆ ಟೀ ಚರಟ ಹಾಕಿದ್ದು ಚರಟದ ಹಾಗೇ ಕಾಣುತ್ತೆ, ಈಗ ಒಣಗಿದ ಎಲೆನ ಪಂಚಿಂಗ್ ಮಷೀನಲ್ಲಿ ತೂತು ಹೊಡೆದು ಆ ಚೂರು ಹಾಕ್ತಿದ್ದೀನಿ, ಪರವಾಗಿಲ್ಲ. ಇನ್ನೊಂದು ತಲೆನೋವು ಅಂದ್ರೆ ಬುಕಿಟ್ ತಿಮಾ ಹಳ್ಳದ ನೀರು ಆಮ್ಲೀಯ ಆಗಿರೋದೂ ಅಲ್ಲಿ ಏಡಿ ಕಮ್ಮಿ ಆಗೋಕೆ ಕಾರಣ ಇರ್ಬೇಕು ಅಂತ ಸಂಶೋಧಕರಿಗೆ ಅನುಮಾನ, ಆದ್ರೆ ಅಂಥ ನೀರೂ ನೋಡೋಕೆ ತಿಳಿಯಾಗೇ ಇರುತ್ತಲ್ಲ, ರೆಸಿನ್‌ನಲ್ಲಿ ಹೆಂಗೆ ತೋರ್ಸೋದು? ಡಬ್ಬದ ಪಕ್ಕಕ್ಕೆ ಆಮ್ಲ ತಾಗಿ ಬಣ್ಣ ತಿರುಗಿದ ಪಿಎಚ್ ಪೇಪರ್ ಒಂದನ್ನ ಅಂಟ್ಸೋದು ಸದ್ಯದ ಐಡಿಯಾ, ಬೇರೆ ಇದ್ರೆ ಹೇಳಿ.

ಇಲ್ಲಿ ಎನ್‌ಪಾರ್ಕ್ಸ್ (ಸರ್ಕಾರದ ಉದ್ಯಾನ ಇಲಾಖೆ), ಎನ್‌ಯುಎಸ್ (ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯ), ಮಂಡಾಯ್ ಮೃಗಾಲಯದವರು ಸೇರಿ ಇದನ್ನ ತೊಟ್ಟಿಲಿ ಸಾಕಿ ಮರಿ ಮಾಡ್ಸೋ ಕೆಲ್ಸ ಮಾಡ್ತಿದ್ದಾರೆ. ಅದನ್ನ ಹೇಳಿದಾಗ ಅಮ್ಮ ಕೇಳಿದ್ದು, “ಮೂರು ಸೆಂಟಿಮೀಟರ್ ಏಡೀಲಿ ಸಾರಿಗೆ ಎಂತ ಸಿಗ್ತದೆ?” ಸಾರಿಗಲ್ಲಮ್ಮ ಅಂದೆ. “ಮತ್ತೆ?” ಅಂದ್ಲು. ಆ ಫೋನು ಮುಕ್ಕಾಲು ಗಂಟೆ ಹೋಯ್ತು.

ಶನಿವಾರ ರೆಸಿನ್ ಎರಡನೇ ಸಲ, ಈ ಸಲ ಎರಡು ತೆಳು ಪದರ. ಅದಾದ್ಮೇಲೆ ಇಲ್ಲಿನ ‘ನೀ ಸೂನ್’ ಅನ್ನೋ ಜೌಗು ಕಾಡಿನ ಇನ್ನೊಂದು ಏಡಿ, ಪ್ಯಾರಾಥೆಲ್ಫುಸಾ ರೆಟಿಕ್ಯುಲಾಟಾ, ಚಿಪ್ಪಿನ ಮೇಲೆ ಬಲೆ ತರ ಗೆರೆ ಇರೋದು. ಸೊನ್ನೆ ನಂಬರ್ ಬ್ರಶ್ ಬೇಕು, ಮತ್ತೆ ಈ ಸಲ ಹೊಟ್ಟೆ ಕಡೆ ಫೋಟೋ ಮೊದಲು.